ಕನ್ಯಾಕುಮಾರಿಗೆ ಸೈಕಲ್ಲು, ಸಂಪಾದಕರಿಗೆ ಪತ್ರ

ಪ್ರವಾಸ ಹೋಗುವುದು ಸುಲಭ. ಹೋಗಿಬಂದದ್ದನ್ನು ನಾಲ್ಕು ಜನ ಮೆಚ್ಚುವ ಹಾಗೆ ಬರೆಯುವುದೂ ಅಭ್ಯಾಸವಾದರೆ ಕಷ್ಟವಲ್ಲ. ಆದರೆ ಬರೆದದ್ದು ಮನೆಯಾಕೆಯ ಕೈಗೆ ಸಿಗದಂತೆ ನೋಡಿಕೊಳ್ಳುವ ವಿದ್ಯೆ ನನಗೆ ಇವತ್ತಿಗೂ ಒಲಿದಿಲ್ಲ. ಹೆಂಡತಿ ಓದುತ್ತಾಳೆಂಬ ಅಂಜಿಕೆಯೊಂದು ಇಲ್ಲದಿದ್ದರೆ ನಮ್ಮ ಜಿಲ್ಲೆಯಲ್ಲಿ ಇನ್ನೂ ಎಷ್ಟೋ ಮಂದಿ ಸಾಹಸಿಗಳು ಹುಟ್ಟಿಕೊಳ್ಳುತ್ತಿದ್ದರೆಂದು ನಾನು ಖಂಡಿತವಾಗಿ ಹೇಳಬಲ್ಲೆ. ನಾನೂ ಒಬ್ಬ ಸಾಹಸಿಯೇ ಆಗಿದ್ದೆ, ಸುಮಾರು ಆರು ವಾರಗಳ ಕಾಲ.

ಇದು ತೊಂಬತ್ತರ ದಶಕದ ಮಾತು. ಆಗ ನಾನು ಗುಬ್ಬಿಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ದೇವರು ದಿಂಡರು ಎಂದರೆ ನನಗೆ ಆಗುತ್ತಿರಲಿಲ್ಲ. ಗ್ರಹಣದ ದಿನ ಊರೆಲ್ಲ ಬಾಗಿಲು ಹಾಕಿಕೊಂಡಿದ್ದರೆ ನಾನು ಜಗಲಿಯ ಮೇಲೆ ಕೂತು, ದಾರಿಯಲ್ಲಿ ಹೋಗುವವರಿಗೆಲ್ಲ ಕಾಣುವ ಹಾಗೆ ಕಡಲೆಪುರಿ ತಿನ್ನುತ್ತಿದ್ದೆ. ನನ್ನ ಹೆಂಡತಿ ಗಿರಿಜಾ ಹುಲಿಯೂರುದುರ್ಗದವಳು. ಅವಳ ಮನೆದೇವರು ಬೆಟ್ಟದ ರಂಗಸ್ವಾಮಿ. ಬೆಳಿಗ್ಗೆ ದೀಪ ಹಚ್ಚಿ ಅವನ ಪಟದ ಮುಂದೆ ನಿಂತು ಹಾಲಿನವನು ತಡವಾಗಿ ಬಂದದ್ದು, ಮಗಳಿಗೆ ಕೆಮ್ಮು ಹಿಡಿದದ್ದು ಎಲ್ಲವನ್ನೂ ಪಕ್ಕದ ಮನೆಯವರಿಗೆ ಹೇಳಿದಷ್ಟೇ ಸಲಿಗೆಯಿಂದ ಹೇಳುತ್ತಿದ್ದಳು. ನಾನು ಇದನ್ನು ಮೂಢನಂಬಿಕೆ ಎನ್ನುತ್ತಿದ್ದೆ. ಅವಳು "ಹೂಂ ಕಣ್ರೀ" ಎಂದು ಹೂವು ಮುಡಿಸುವುದನ್ನು ಮುಂದುವರಿಸುತ್ತಿದ್ದಳು. ವಾದಕ್ಕೆ ಎದುರಾಳಿ ಸಿಗದ ವಿಚಾರವಾದಿಯ ಕಷ್ಟ ಯಾರಿಗೂ ಬೇಡ.

ಒಂದು ದಸರಾ ರಜೆಯಲ್ಲಿ ಸೈಕಲ್ಲಿನ ಮೇಲೆ ಕನ್ಯಾಕುಮಾರಿಗೆ ಹೋಗುತ್ತೇನೆಂದು ಸ್ಟಾಫ್ ರೂಮಿನಲ್ಲಿ ಬಾಯಿ ತಪ್ಪಿ ಹೇಳಿಬಿಟ್ಟೆ. ಅಲ್ಲಿ ಬಾಯಿ ತಪ್ಪಿ ಹೇಳಿದ್ದು ಸಂಜೆಯೊಳಗೆ ಗುಬ್ಬಿ ಬಸ್‌ಸ್ಟ್ಯಾಂಡಿಗೆ ತಲುಪುತ್ತದೆ. "ಏನ್ ಸಾ, ಬಸ್ಸು ಸ್ಟ್ರೈಕಾ?" ಎಂದು ಕೇಳಿದ ಪಂಕ್ಚರ್ ಅಂಗಡಿಯವನಿಂದ ಹಿಡಿದು, "ಹೋಗ್ಬಂದ್ರೆ ಏನ್ ಕೊಡ್ತಾರೆ?" ಎಂದ ಹೆಡ್ಮಾಸ್ಟರರವರೆಗೆ ಎಲ್ಲರಿಗೂ ಉತ್ತರ ಹೇಳುವುದಕ್ಕಿಂತ ಹೊರಟುಬಿಡುವುದೇ ವಾಸಿ ಎನ್ನಿಸಿತು. ಹೆಬ್ಬೂರು, ಕುಣಿಗಲ್ ದಾಟಿ, ಅತ್ತೆಮನೆಯಲ್ಲಿ ಮುದ್ದೆ ಉಂಡು, ಮದ್ದೂರು ಮಳವಳ್ಳಿಯ ಮೇಲೆ ಚಾಮರಾಜನಗರ ಸೇರುವವರೆಗೆ ನಾನು ವೀರನೇ. ಆಮೇಲೆ ದಿಂಬಂ ಘಟ್ಟ ಬಂತು.

ಘಟ್ಟ ಹತ್ತುವುದು ಕಷ್ಟವೆಂದು ಎಲ್ಲರೂ ಹೇಳಿದ್ದರು. ಇಳಿಯುವ ವಿಷಯ ಯಾರೂ ಹೇಳಿರಲಿಲ್ಲ. ನಾಲ್ಕನೇ ತಿರುವಿಗೇ ಬ್ರೇಕಿನ ರಬ್ಬರ್ ಸವೆದುಹೋಯಿತು. ಎದುರಿಗೆ ಬಿದಿರು ತುಂಬಿದ ಲಾರಿಗಳು. ಎರಡೂ ಕಾಲು ನೆಲಕ್ಕೆ ಉಜ್ಜಿ ಉಜ್ಜಿ ಚಪ್ಪಲಿಯ ಅಟ್ಟೆ ಕಿತ್ತುಹೋಯಿತು. ಮಿಕ್ಕ ತಿರುವುಗಳನ್ನು ಬರಿಗಾಲಿನಲ್ಲಿ, ತುಂಟ ಕರುವನ್ನು ಹಿಡಿದುಕೊಂಡ ಹಾಗೆ ಸೈಕಲ್ಲನ್ನು ಹಿಂದಕ್ಕೆ ಜಗ್ಗುತ್ತ ಇಳಿದೆ. ಮಧ್ಯಾಹ್ನ ಸತ್ಯಮಂಗಲ ಮುಟ್ಟುವಷ್ಟರಲ್ಲಿ ಮೈ ಕಾದಿತ್ತು, ಹೊಟ್ಟೆ ಕೆಟ್ಟಿತ್ತು, ಭಾಷೆ ಬರುತ್ತಿರಲಿಲ್ಲ. ಒಂದು ಎಸ್‌ಟಿಡಿ ಬೂತಿಗೆ ನುಗ್ಗಿ ನಮ್ಮ ಪಕ್ಕದ ಮನೆಯ ಸರೋಜಮ್ಮನವರಿಗೆ ಫೋನು ಮಾಡಿದೆ. ನಮ್ಮ ಮನೆಗೆ ಆಗ ಫೋನಿರಲಿಲ್ಲ. ಗಿರಿಜಾ ಓಡಿಬಂದಳು.

"ಯಾಕ್ರೀ, ದನಿ ಹಿಂಗದೆ?"

ಅಷ್ಟಕ್ಕೇ ನನಗೆ ಅಳು ಬಂದುಬಿಟ್ಟಿತು. ಅತ್ತೆ ಎಂದರೆ ಸುಮ್ಮನೆ ಕಣ್ಣು ಒದ್ದೆಯಾದದ್ದಲ್ಲ, ಸ್ವರ ಎತ್ತಿ ಅತ್ತೆ. ಬೂತಿನವನು ಫ್ಯಾನು ಹಾಕಿದ. "ಏನಾದ್ರೂ ಹರಕೆ ಕಟ್ಕೊಳೇ ಮಾರಾಯ್ತಿ" ಎಂದೆ.

"ಯಾವ ದೇವ್ರಿಗ್ರೀ?" ಎಂದಳು.

"ಯಾರಿಗಾದ್ರೂ ಸರಿ, ಬೇಗ ಕಟ್ಕೋ!"

ಕಟ್ಟಿಕೊಂಡಳು. ಎರಡು ದಿನ ಒಂದು ಛತ್ರದಲ್ಲಿ ಮಲಗಿ ಎದ್ದೆ, ಹೊಸ ಬ್ರೇಕು ಹಾಕಿಸಿದೆ, ಕನ್ಯಾಕುಮಾರಿ ಮುಟ್ಟಿ ಸಮುದ್ರದ ಮುಂದೆ ಫೋಟೋ ತೆಗೆಸಿಕೊಂಡೆ, ರೈಲಿನಲ್ಲಿ ವಾಪಸು ಬಂದೆ. ಬಂದ ಭಾನುವಾರವೇ ಹುಲಿಯೂರುದುರ್ಗದ ಬೆಟ್ಟಕ್ಕೆ ಕರೆದುಕೊಂಡು ಹೋಗಿ ನನ್ನ ತಲೆ ಬೋಳಿಸಿದಳು. ಹರಕೆ ಅದೇ ಆಗಿತ್ತು. ಸ್ಕೂಲಿನಲ್ಲಿ ತಲೆಹೊಟ್ಟು ಎಂದು ಹೇಳಿ ತಪ್ಪಿಸಿಕೊಂಡೆ.

ಇಷ್ಟಕ್ಕೇ ನಿಲ್ಲಿಸಿದ್ದರೆ ಮರ್ಯಾದೆ ಉಳಿಯುತ್ತಿತ್ತು. ಆದರೆ ತುಮಕೂರಿನ ಒಂದು ವಾರಪತ್ರಿಕೆಯ ಸಂಪಾದಕರು ಪ್ರವಾಸದ ಅನುಭವವನ್ನು ಆರು ಕಂತಿನಲ್ಲಿ ಬರೆದುಕೊಡಿ ಎಂದರು. ಪೆನ್ನು ಹಿಡಿದು ಕೂತಾಗ ನನಗೊಂದು ವಿಚಿತ್ರ ಅನುಭವವಾಯಿತು. ಕಾಗದದ ಮೇಲೆ ಘಟ್ಟ ತಾನಾಗಿಯೇ ನುಣುಪಾಗುತ್ತ ಹೋಯಿತು. ಜ್ವರ ಬಿಟ್ಟುಹೋಯಿತು. ಬೂತು ಮಾಯವಾಯಿತು. ದಿಂಬಂ ಇಳಿಯುವಾಗ 'ಗುರುತ್ವಾಕರ್ಷಣೆಯ ಆನಂದ'ವನ್ನು ಅನುಭವಿಸಿದೆ ಎಂದು ಬರೆದೆ. ಬೋಳುತಲೆಯನ್ನು ಊರವರೆಲ್ಲ ನೋಡಿದ್ದರಿಂದ ಅದಕ್ಕೆ ಹೊಟ್ಟಿಗಿಂತ ಘನವಾದ ಕಾರಣವೊಂದು ಬೇಕಾಗಿತ್ತು. ಗಾಳಿಯ ತಡೆ ಕಡಿಮೆಯಾಗಲೆಂದು ಹೊರಡುವ ಮುನ್ನವೇ ಬೋಳಿಸಿಕೊಂಡೆ ಎಂದು ಸೇರಿಸಿದೆ. ಕೊನೆಯ ಕಂತನ್ನು 'ನನ್ನ ದೇವರು ನನ್ನ ತೊಡೆಯ ಸ್ನಾಯುಗಳಲ್ಲಿದ್ದಾನೆ' ಎಂಬ ವಾಕ್ಯದಿಂದ ಮುಗಿಸಿದೆ. ಆ ವಾಕ್ಯ ನನಗೆ ಎಷ್ಟು ಹಿಡಿಸಿತ್ತೆಂದರೆ ಗಿರಿಜಾ ಅವರೆಕಾಯಿ ಬಿಡಿಸುತ್ತಿದ್ದಾಗ ಪಕ್ಕದಲ್ಲಿ ಕೂತು ಗಟ್ಟಿಯಾಗಿ ಓದಿ ಹೇಳಿದೆ. "ಚೆನ್ನಾಗದೆ ಬಿಡ್ರಿ" ಎಂದು ಪತ್ರಿಕೆಯನ್ನು ಕೈಗೆ ತೆಗೆದುಕೊಂಡಳು. ಹಳೆಯ ಐದು ಕಂತುಗಳನ್ನೂ ಹುಡುಕಿ ತೆಗೆದಳು.

ಮರುವಾರ ಸಂಪಾದಕರಿಗೆ ಬಂದ ಪತ್ರಗಳ ಜಾಗದಲ್ಲಿ ಇದು ಅಚ್ಚಾಗಿತ್ತು:

"ಮಾನ್ಯರೇ, ಆರು ವಾರದಿಂದ ನಿಮ್ಮಲ್ಲಿ ಬಂದ ಸೈಕಲ್ ಪ್ರವಾಸವನ್ನು ಓದಿದೆ. ಬರೆದವರು ನನ್ನ ಯಜಮಾನರು. ಸಣ್ಣ ತಿದ್ದುಪಡಿಗಳಿವೆ. ಹೊರಡುವ ಮುಂಚೆ ತಲೆ ಬೋಳಿಸಿಕೊಂಡೆ ಎಂದಿದ್ದಾರೆ. ಅದೇ ಪುಟದಲ್ಲಿ ನೀವು ಹಾಕಿರುವ ಕನ್ಯಾಕುಮಾರಿಯ ಫೋಟೋದಲ್ಲಿ ಅವರಿಗೆ ತಲೆ ತುಂಬ ಕೂದಲಿದೆ. ಅದನ್ನು ಊರಿಗೆ ಬಂದ ಮೇಲೆ ರಂಗಸ್ವಾಮಿಗೆ ಕೊಟ್ಟರು. ಹರಕೆ ಹೊತ್ತವಳು ನಾನು, ಹೊರು ಎಂದವರು ಅವರು. ಘಟ್ಟ ಇಳಿದ ಆನಂದದಲ್ಲಿ ಅವರು ಫೋನಿನಲ್ಲಿ ಅತ್ತದ್ದನ್ನು ಪಕ್ಕದ ಮನೆಯ ಸರೋಜಮ್ಮನವರೂ ಕೇಳಿದ್ದಾರೆ, ಬೇಕಾದರೆ ವಿಚಾರಿಸಬಹುದು. ಇನ್ನು ಅವರ ತೊಡೆ. ಹದಿನೈದು ದಿನ ಎಣ್ಣೆ ತಿಕ್ಕಿದವಳು ನಾನೇ. ಅಲ್ಲಿ ದೇವರಿದ್ದ ಹಾಗೆ ಕಾಣಲಿಲ್ಲ."

ಸೋಮವಾರ ನಾನು ಒಂಬತ್ತನೇ ಕ್ಲಾಸಿಗೆ ಕಾಲಿಟ್ಟಾಗ ಕರಿಹಲಗೆಯ ಮೇಲೆ ಎರಡು ತೊಡೆಗಳ ಚಿತ್ರವಿತ್ತು, ಪ್ರಭಾವಳಿ ಸಮೇತ. ನನ್ನ ಆರು ಕಂತುಗಳಿಗೆ ಬಂದಿದ್ದ ಓದುಗರ ಪತ್ರಗಳು ಎರಡು, ಅದರಲ್ಲಿ ಒಂದು ನನ್ನ ಷಡ್ಡಕನದು. ಗಿರಿಜಳ ಒಂದು ಪತ್ರವನ್ನು ಮೆಚ್ಚಿ ಮೂರು ವಾರ ಪತ್ರಗಳು ಬಂದವು. ಒಂದು ದಿನ ಸಂಪಾದಕರು ಸ್ಕೂಟರಿನಲ್ಲಿ ಗುಬ್ಬಿಗೇ ಬಂದರು. ನಾನು ಅಂಗಿ ತೊಟ್ಟು ಹೊರಗೆ ಬಂದೆ. ಅವರು ನನ್ನ ಭುಜದ ಮೇಲಿಂದ ಒಳಗೆ ಇಣುಕಿ, "ಮೇಡಂ ಇದಾರಾ?" ಎಂದರು.

ಅವತ್ತು ಸಂಜೆ ನನ್ನ ಸಿಟ್ಟು ಕಟ್ಟೆಯೊಡೆಯಿತು. "ಊರ ಮುಂದೆ ಮಾನ ತೆಗೆದೆಯಲ್ಲ, ನಿನ್ನ ದೇವರನ್ನು ಬಿಟ್ಟು ಬರೆದೆ ಅಂತ ಇಷ್ಟು ಹಗೆಯಾ?" ಎಂದು ಕೂಗಾಡಿದೆ.

ಅವಳು ಒಲೆಯ ಮುಂದಿನಿಂದ ತಿರುಗಿದಳು. "ದೇವ್ರನ್ನ ಬಿಟ್ರೆ ಬಿಡಿ, ಅವ್ನಿಗೇನ್ ಬೇಜಾರಿಲ್ಲ, ಅಂಥೋರ್ನ ಎಷ್ಟ್ ಜನ್ರನ್ನ ನೋಡವ್ನೆ. ನೀವು ಮನೆಗ್ ಬರೋಗಂಟ ನಾನು ಒಪ್ಪೊತ್ತು ಉಂಡಿದೀನಿ. ಸರೋಜಮ್ಮನ ಮನೇಲಿ ಫೋನ್ ಹೊಡ್ಕೊಂಡ್ರೆ ಎದೆ ಹೊಡ್ಕೊಳೋದು. ಆರು ವಾರ ಬರೆದ್ರಿ. ಅತ್ತೆಮನೆ ಮುದ್ದೆ ಬಂತು, ಛತ್ರದ ತಿಗಣೆ ಬಂತು. ನಾನು ಎಲ್ ಬಂದೆ ಹೇಳಿ?"

ನಾನು ಆರೂ ಕಂತುಗಳನ್ನು ಮನಸ್ಸಿನಲ್ಲೇ ತಿರುವಿ ಹಾಕಿದೆ. ಎಲ್ಲಿಯೂ ಬಂದಿರಲಿಲ್ಲ. ಒಪ್ಪೊತ್ತಿನ ಸಂಗತಿ ನನಗೆ ಗೊತ್ತೇ ಇರಲಿಲ್ಲ. ಮೂಢನಂಬಿಕೆ ಎಂಬ ಪದ ನಾಲಿಗೆಯ ತುದಿಗೆ ಅಭ್ಯಾಸಬಲದಿಂದ ಬಂತು, ನುಂಗಿಕೊಂಡೆ. ತಿದ್ದುಪಡಿಗಳೆಲ್ಲ ಸರಿಯಾಗಿವೆ ಎಂದು ಸಂಪಾದಕರಿಗೆ ಎರಡು ಸಾಲು ಬರೆದು ಮರುದಿನ ಅಂಚೆಗೆ ಹಾಕಿದೆ. ನಾನು ಬರೆದವುಗಳಲ್ಲಿ ಜನ ನಂಬಿದ್ದು ಅದೊಂದನ್ನೇ.

ಎರಡು ಸಾವಿರದ ಇಸವಿ ದಾಟಿತು. ಮನೆಗೆ ಫೋನು ಬಂತು. ಮಗಳು ತುಮಕೂರಿನ ಕಾಲೇಜಿಗೆ ಬಸ್ಸು ಹಿಡಿಯತೊಡಗಿದ ಮೇಲೆ ಅವಳ ಲೇಡೀಸ್ ಸೈಕಲ್ಲು ಮೂಲೆ ಸೇರಿತು. ಒಂದು ದಿನ ಗಿರಿಜಾ ಅದರ ಧೂಳು ಒರೆಸಿ, "ಕಲಿಸ್ಕೊಡಿ" ಎಂದಳು. ಆಗ ಅವಳಿಗೆ ನಲವತ್ತಮೂರು. ಸ್ಕೂಲಿನ ಮೈದಾನದಲ್ಲಿ ಕ್ಯಾರಿಯರ್ ಹಿಡಿದುಕೊಂಡು ಅವಳ ಹಿಂದೆ ನಾನು ಓಡಿದ್ದು ಕನ್ಯಾಕುಮಾರಿಗಿಂತ ಹೆಚ್ಚೇ ಆದೀತು. ಚೆನ್ನಾಗಿ ಕಲಿತಳು. ಆಮೇಲೊಂದು ಭಾನುವಾರ ಬೆಳಗಿನ ಜಾವ ಸೆರಗು ಸಿಕ್ಕಿಸಿಕೊಂಡು, "ಅಮ್ಮನ್ ಮನೆಗ್ ಹೋಗ್ಬರ್ತೀನಿ" ಎಂದಳು. ಜೊತೆಗೆ ಬರುತ್ತೇನೆಂದರೆ, "ನಾನ್ ಬಂದಿದ್ನಾ?" ಎಂದು ಪೆಡಲು ತುಳಿದೇಬಿಟ್ಟಳು.

ಒಂಬತ್ತಾಯಿತು, ಹತ್ತಾಯಿತು. ಹೆಬ್ಬೂರು ದಾಟಿರಬೇಕು. ಹನ್ನೊಂದಕ್ಕೆ ಕುಣಿಗಲ್ ತಲುಪಿರಬೇಕು, ಫೋನಿಲ್ಲ. ಬಿಸಿಲು ಏರಿತು. ಕುಣಿಗಲ್ಲಿನಿಂದಾಚೆಯ ರಸ್ತೆಯಲ್ಲಿ ಓಡಾಡುವ ಲಾರಿಗಳನ್ನೆಲ್ಲ ನಾನು ಕೂತಲ್ಲೇ ಎಣಿಸಿದೆ. ಹನ್ನೆರಡೂವರೆಗೆ ಎದ್ದು, ಮಗಳು ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ದೇವರ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ. ಪಟದ ಮುಂದೆ ನಿಂತೆ. ಕೈ ಮುಗಿಯುವುದೇನೋ ಬಂತು, ಮಾತು ಹೇಗೆ ಶುರು ಮಾಡಬೇಕೆಂದು ತಿಳಿಯಲಿಲ್ಲ. ಇಷ್ಟು ವರ್ಷ ಮಾತಿಲ್ಲದವರ ಮನೆಗೆ ಕೆಲಸವಿದೆಯೆಂದು ಹೋದರೆ ಆಗುವ ಸಂಕೋಚ. ಮೇಷ್ಟ್ರು ಎಂದು ಪರಿಚಯ ಹೇಳಿಕೊಳ್ಳೋಣವೆಂದರೆ ಆ ದರ್ಬಾರಿನಲ್ಲಿ ಅದು ನಡೆಯುವ ಹಾಗೆ ಕಾಣಲಿಲ್ಲ. ಕೊನೆಗೆ ಗಂಟಲು ಸರಿಮಾಡಿಕೊಂಡು, "ಸ್ವಾಮೀ, ನಾನು ಗಿರಿಜಳ ಗಂಡ" ಎಂದೆ.