ಮರಳಿಯ ಟಂಟಂ ತುಂಬುವವರೆಗೆ

ನಿಧಾನವಾಗಿ ಹೋಗುವ ವಾಹನ ಕಂಡರೆ ಬೇರೆಯವರಿಗೆ ಸಿಟ್ಟು ಬರುತ್ತದೆ, ನನಗೆ ಸಂಶಯ ಬರುತ್ತದೆ. ಬಸ್ಸು ಡಾಬಾದ ಮುಂದೆ ನಿಂತರೆ ಡ್ರೈವರನಿಗೆ ಅಲ್ಲಿ ಊಟ ಪುಕ್ಕಟೆ ಇರಬೇಕು. ರೈಲ್ವೆ ಗೇಟು ಮುಚ್ಚಿದ್ದರೆ ನಾನು ಬರುವುದನ್ನು ನೋಡಿಯೇ ಮುಚ್ಚಿರಬೇಕು. ಕೊಪ್ಪಳದ ಕಚೇರಿಯಲ್ಲಿ ಕುಳಿತು, ಬಂದ ಅರ್ಜಿಗಳನ್ನೆಲ್ಲ ಬೆಳಕಿಗೆ ಹಿಡಿದು ನೋಡುವವನಿಗೆ ಈ ರೋಗ ಬರದಿದ್ದರೇ ಆಶ್ಚರ್ಯ.

ಅಂಥ ನಾನು ಮಗಳಿಗೆ ಬಂದ ಸಂಬಂಧವನ್ನು ಸುಮ್ಮನೆ ಒಪ್ಪುವುದುಂಟೆ? ಹುಡುಗ ಗಂಗಾವತಿ ಹತ್ತಿರದ ಮರಳಿಯವನು. ಮಗಳ ಮನಸ್ಸಿಗೂ ಬಂದಿದ್ದ. ಆದರೆ ಹುಡುಗಿ ನೋಡಿಕೊಂಡು ಹೋದವರು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಮಗಳ ಮುಖ ದಿನದಿನಕ್ಕೆ ಸಣ್ಣದಾಯಿತು. ಇವರು ಏನೋ ಮುಚ್ಚಿಡುತ್ತಿದ್ದಾರೆ ಎಂದು ನಾನು ಬೈಕಿನಲ್ಲಿ ಮರಳಿಗೆ ಹೋಗಿ, ನಮ್ಮ ಕಡೆಯ ಪದ್ಧತಿಯಂತೆ ಊರಿನ ಚಹಾದಂಗಡಿಯಲ್ಲಿ ಹುಡುಗನ ಮನೆತನ ವಿಚಾರಿಸಿದೆ. ಹೆಲ್ಮೆಟ್ಟನ್ನೂ ತೆಗೆಯಲಿಲ್ಲ. “ಛಲೋ ಮಂದಿರಿ” ಎಂದ ಅಂಗಡಿಯವನು. ಕೇಳಿದ ಕೂಡಲೇ ಹೊಗಳುತ್ತಾನೆ ಎಂದರೆ ಮೊದಲೇ ಹೇಳಿಕೊಟ್ಟಿದ್ದಾರೆ! ಹೋಗುವಾಗ ಇದ್ದುದಕ್ಕಿಂತ ಹೆಚ್ಚು ಸಂಶಯ ತುಂಬಿಕೊಂಡು ಮನೆಗೆ ಬಂದೆ.

“ನಾನೂ ಬರ್ತೀನ್ರಿ. ನೆಟ್ಟಗ ಅವರ ಮನಿಗೇ ಹೋಗೂಣು” ಎಂದಳು ಹೆಂಡತಿ ಗಿರಿಜಾ. ಬೈಕು ಹತ್ತಲು ಮಾತ್ರ ಒಲ್ಲಳು. ಬಸ್ಸಿನಲ್ಲಿ ಗಂಗಾವತಿಗೆ ಹೋಗಿ ಅಲ್ಲಿಂದ ಮರಳಿಯ ಟಂಟಂ ಆಟೋ ಹತ್ತಿದೆವು. ತುಂಬುವವರೆಗೆ ಅದು ಬಿಡುವುದಿಲ್ಲ. ತುಂಬಿತು ಎಂದು ನನಗೆ ಅನಿಸಿದ ಮೇಲೂ ಡ್ರೈವರ್ ಜನರನ್ನು ಕರೆಯುತ್ತಲೇ ಇದ್ದ. ಬಿಟ್ಟ ಮೇಲೆ ಅಕ್ಕಿ ಗಿರಣಿಯ ಮುಂದೆ ನಿಂತಿತು, ಕಾಲುವೆಯ ಸೇತುವೆಯ ಮೇಲೆ ನಿಂತಿತು. “ಇವನೂ ಅವರ ಕಡಿಯವನ ಇರಬೇಕು. ಮನಿ ಸಾರಿಸಾಕ ಅವರಿಗೆ ಟೈಮ್ ಕೊಡಾಕತ್ತಾನ” ಎಂದು ಪಿಸುಗುಟ್ಟಿದೆ. ಗಿರಿಜಾ ಕೇಳಿಸಿಕೊಳ್ಳಲಿಲ್ಲ. ಪಕ್ಕದ ಮುದುಕಿಯೊಬ್ಬಳ ಜೊತೆ ಎಲೆಅಡಿಕೆ ಹಂಚಿಕೊಂಡು ಮಾತಿಗಿಳಿದಿದ್ದಳು. ನಾನು ಹಲ್ಲು ಕಚ್ಚಿ ಭತ್ತದ ಗದ್ದೆ ನೋಡುತ್ತ ಕುಳಿತೆ.

ಮರಳಿಯಲ್ಲಿ ಇಳಿಯುವ ಹೊತ್ತಿಗೆ ಅವಳ ಬಳಿ ಎಲ್ಲ ಸುದ್ದಿ ಇತ್ತು. ಆ ಮುದುಕಿ ಹುಡುಗನ ಓಣಿಯವಳೇ.

“ಹುಡುಗ ಬಂಗಾರದಂಥಾವ ಅಂತ್ರಿ. ಅವ್ವಗ ಮೊಣಕಾಲು ನೋವಂತ ರೊಟ್ಟಿ ಸುದ್ದಾ ತಾನ ಬಡೀತಾನಂತ.”

“ಮತ್ತ ಯಾಕ ಸುಮ್ಮ ಕುಂತಾರ?”

“ಅವರೂ ನಿಮ್ಮ ಕಚೇರಿ ಮುಂದಿನ ಚಹಾದಂಗಡ್ಯಾಗ ವಿಚಾರ್ಸ್ಯಾರಂತ. ಹುಡುಗಿ ಛಲೋ, ಅವ್ವ ಛಲೋ, ಅಪ್ಪಗ ಮಾತ್ರ ಭಾಳ ಸಂಶಯ, ಹುಡುಗ್ರಿಗೆ ನೆಟ್ಟಗ ಬಾಳೇವು ಮಾಡಾಕ ಬಿಡಂಗಿಲ್ಲ ಅಂದ್ರಂತ. ಅದಕ್ಕ ಹೆದರ್ಯಾರ.”

ನನ್ನ ಮಗಳ ಮುಖ ಸಣ್ಣದಾಗಿದ್ದು ನನ್ನಿಂದ! ನಿಜವಾಗಿಯೂ ಸಂಕಟವಾಯಿತು. ಅವರ ಮನೆಯಲ್ಲಿ ನಾನು ಒಂದೂ ಪ್ರಶ್ನೆ ಕೇಳಲಿಲ್ಲ. ಗಡಿಯಾರದ ಕಡೆ ನೋಡಲಿಲ್ಲ. “ಊಟ ಮಾಡ್ಕೊಂಡ ಹೋಗ್ರಿ” ಎಂದರು ಹುಡುಗನ ಅಪ್ಪ, ಅಂಜುತ್ತಲೇ. “ಆಗ್ಲಿ ತಗೋರಿ, ಏನ್ ಅವಸರೈತಿ?” ಎಂದೆ. ಗಿರಿಜಾ ನನ್ನನ್ನು ಹೊಸಬನಂತೆ ನೋಡಿದಳು. ಕೊಟ್ಟ ಚಹಾವನ್ನು ಗುಟುಕು ಗುಟುಕಾಗಿ ಕುಡಿದೆ.

ಹುಡುಗನ ಅಪ್ಪ ಮೊದಲ ಬಾರಿಗೆ ನಕ್ಕು ಒಳಗೆ ಕೂಗಿದರು: “ಬೀಗರಿಗೆ ಇನ್ನಷ್ಟು ಚಹಾ ತರ್ರಿ!”

ಬೀಗರು! ಇಷ್ಟು ಸಲೀಸಾಗಿ ಒಪ್ಪಿದರಲ್ಲ, ಒಳಗೆ ಏನಿದೆಯೋ ಎಂಬ ಮಾತು ಗಂಟಲವರೆಗೆ ಬಂತು. ಎರಡನೆಯ ಚಹಾದ ಜೊತೆ ಅದನ್ನು ನಿಧಾನವಾಗಿ ನುಂಗಿದೆ.