ಐಸ್ ಕೋಣೆಯಲ್ಲಿ ಕೂತಿದ್ದ ಹಿರಿಯರು

ಎಲ್ಲಕ್ಕೂ ಮೂಲ ಸಿದ್ದಮಲ್ಲಪ್ಪನ ಬೆನ್ನಿನ ಮೇಲೆ ಎದ್ದ ಬೆವರುಸಾಲೆ.

ಸ್ವಾತಂತ್ರ್ಯ ಬಂದು ಐದಾರು ವರ್ಷವಾಗಿತ್ತು. ಆ ಸಲದ ಬೇಸಿಗೆಗೆ ಮೈಸೂರಿನ ಟಾಂಗಾ ಕುದುರೆಗಳೂ ನೆರಳು ಬಿಟ್ಟು ಕದಲುತ್ತಿರಲಿಲ್ಲ. ಅಂಥಾದ್ದರಲ್ಲಿ ಅವತ್ತೇ ಸಂಜೆ ವಿದ್ಯಾರಣ್ಯಪುರಂನಲ್ಲಿ ಹೆಣ್ಣು ನೋಡುವ ಶಾಸ್ತ್ರ. ನಾಲ್ಕು ಕಡೆ ಬೇಡವೆನಿಸಿಕೊಂಡಿದ್ದ ಗಂಡು ಅವನು. ಇದೂ ತಪ್ಪಿದರೆ ಇನ್ನು ಬ್ರಹ್ಮಚಾರಿಯಾಗೇ ಮಠ ಸೇರ್ಕೋ ಅಂತ ಸಂಬಂಧ ತಂದಿದ್ದ ಪಕ್ಕದ ಮನೆ ಶಿವನಂಜಮ್ಮ ಹೇಳಿಬಿಟ್ಟಿದ್ದರು.

ಬೆಳಿಗ್ಗೆ ಕಾಂಪೌಂಡಿನ ಮೇಲಿಂದಲೇ ಪಾಠ ಶುರುಮಾಡಿದರು. "ಹುಡುಗಿ ಮುಂದೆ ಕೂತು ಎಮ್ಮೆ ಕಂಬಕ್ಕೆ ಉಜ್ಜೋ ಹಂಗೆ ಬೆನ್ನುಜ್ಜಬ್ಯಾಡ ಕಣಪ್ಪ. ಐಸ್ ಕಂಪನಿ ಮೇನೇಜರು, ವಯಸ್ಸು ಇಪ್ಪತ್ತೆಂಟು, ಯಾದವಗಿರೀಲಿ ಬಂಗಲೆ ಅಂತ ಹೇಳಿದೀನಿ. ಮರ್ತುಗಿರ್ತು ಬುಟ್ಟೀಯ."

"ಬಂಗಲೆ ಜಾಸ್ತಿಯಾಯ್ತೇನೋ ಅಕ್ಕ."

"ಮದುವೆ ಆಗೋವರೆಗೂ ಇರ್ಲಿ ಬುಡು."

ಐಸ್ ಕಾರ್ಖಾನೆಯಲ್ಲಿ ಮಿಷನ್ ನೋಡಿಕೊಳ್ಳುತ್ತಿದ್ದ ಕೃಷ್ಣಪ್ಪ ಅವನ ಬೆನ್ನು ನೋಡಿ ಸಿಳ್ಳೆ ಹೊಡೆದ. "ಬೆನ್ನೋ ರಾಗಿ ಹರವಿದ ಕಣವೋ? ಮಧ್ಯಾಹ್ನ ಐಸ್ ಕೋಣೇಲಿ ಒಂದು ಗಳಿಗೆ ಬರಿಮೈಯಲ್ಲಿ ಕೂತ್ಕೊ, ಎಲ್ಲಾ ಇಳಿದೋಗ್ತದೆ. ಹುಷಾರು ಮಾತ್ರ. ಮೊದಲು ನಡುಕ ಬರ್ತದೆ, ಬರ್ಲಿ. ನಡುಕ ನಿಂತು ಒಳ್ಳೆ ಬೆಚ್ಚಗಿದೆ ಅನ್ನಿಸ್ತೋ, ತಲೆ ಕೆಡ್ತಾ ಇದೆ ಅಂತ ಅರ್ಥ. ಎದ್ದು ಓಡಿ ಬಂದ್ಬುಡು."

ಎರಡು ಹೆಜ್ಜೆ ಹೋದವನು ತಿರುಗಿದ. "ಇನ್ನೊಂದು. ಹಿನಕಲ್ ಕಡೆ ಯಜಮಾನರೊಬ್ಬರು ತೀರ್ಕೊಂಡವ್ರೆ. ಮಗ ಬೊಂಬಾಯಿಂದ ಬರೋಗಂಟ ನಮ್ಮ ಐಸ್ ಕೋಣೇಲಿ ಇಡಬೇಕಂತೆ. ನಿಮ್ಮ ಪೈಕಿಯೋರೇ. ಯಾವಾಗ ತರ್ತಾರೋ ಗೊತ್ತಿಲ್ಲ."

ಸಿದ್ದಮಲ್ಲಪ್ಪನ ಪೈಕಿಯವರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ವಿಭೂತಿ ಬಳಿದು, ಕಾಲು ಮಡಿಸಿ, ಬದುಕಿದ್ದಾಗ ಪೂಜೆಗೆ ಕೂತ ಹಾಗೇ ಕೂರಿಸುತ್ತಾರೆ.

ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದರು. ಸಿದ್ದಮಲ್ಲಪ್ಪನೂ ಹಿತ್ತಲಲ್ಲಿ ಬುತ್ತಿ ಮುಗಿಸಿ ಬಂದ. ಐಸ್ ಕೋಣೆಯ ಬಾಗಿಲು ಓರೆಯಾಗಿತ್ತು. ಸಿದ್ದಮಲ್ಲಪ್ಪ ಅಂಗಿ ಬಿಚ್ಚಿ ಹೊರಗೆ ನೇತುಹಾಕಿ ಒಳಗೆ ಹೋದ. ಹಿಂದೆ ಗೋಡೆಯಷ್ಟು ದಪ್ಪದ ಬಾಗಿಲು ತಾನೇ ಮುಚ್ಚಿಕೊಂಡಿತು. ಹೊರಗಿನ ಅಗಳಿ ಟಣ್ ಅಂತ ಬಿತ್ತು. ಆ ಅಗಳಿಯನ್ನು ಒಳಗಿನಿಂದ ಎತ್ತುವ ಉಪಾಯ ಯಾರೂ ಮಾಡಿರಲಿಲ್ಲ.

ಗುದ್ದಿದ, ಕೂಗಿದ. ಕಾರ್ಕು ತುಂಬಿದ ಗೋಡೆ ಕೂಗನ್ನೆಲ್ಲಾ ನುಂಗಿಕೊಂಡಿತು. ಕಡೆಗೆ ಸುಸ್ತಾಗಿ ತಿರುಗಿದ.

ಸೊರಗಿದ ಒಂದು ಬಲ್ಬಿನ ಬೆಳಕು. ಐಸ್ ಗಡ್ಡೆಗಳ ನಡುವೆ ಮಂಜು ಹೊಗೆಯಾಡುತ್ತಿತ್ತು. ಆಚೆ ಮೂಲೆಯಲ್ಲಿ, ಮರದ ಹೊಟ್ಟಿನ ಮೂಟೆಯ ಮೇಲೆ, ಒಬ್ಬ ಹಿರಿಯರು ಕೂತಿದ್ದರು. ಮಡಿಸಿದ ಕಾಲು. ಮೈತುಂಬ ಶಾಲು. ಹಣೆಯಲ್ಲಿ ಮೂರೆಳೆ ವಿಭೂತಿ. ಮಂಜು ಕಟ್ಟಿ ಬೆಳ್ಳಗಾದ ಮೀಸೆ. ಅರೆತೆರೆದ ಕಣ್ಣು ನೆಟ್ಟಗೆ ಇವನ ಮೇಲೇ ಇತ್ತು.

'ತಂದುಬಿಟ್ಟಿದ್ದಾರೆ!'

ಸಿದ್ದಮಲ್ಲಪ್ಪ ಬಾಗಿಲಿಗೆ ಹಲ್ಲಿಯಂತೆ ಅಂಟಿಕೊಂಡ. ಹೆಣದ ಮೂಗಿನ ಹತ್ತಿರ ಸಣ್ಣಗೆ ಹಬೆ ಸುಳಿದಂತಾಯಿತು. ಐಸಿನ ಹೊಗೆ ಇರಬೇಕು ಅಂದುಕೊಂಡ. ಅವನು ಎಡಕ್ಕೆ ಸರಿದರೆ ಆ ಕಣ್ಣೂ ಎಡಕ್ಕೆ ಸರಿದಂತೆ ಕಂಡಿತು. ಆಮೇಲೆ ಅತ್ತ ನೋಡುವುದನ್ನೇ ಬಿಟ್ಟ.

ನಡುಕ ಬಂತು. ಹಲ್ಲು ಟೈಪ್ ಮಿಷನ್ನಿನಂತೆ ಬಡಿದುಕೊಂಡವು. ಬೆರಳು ಸೆಟೆದವು, ನಾಲಗೆ ದಪ್ಪವಾಯಿತು. ಎಷ್ಟು ಹೊತ್ತು ಹೋಯಿತೋ, ನಡುಕ ತಾನಾಗಿ ನಿಂತಿತು. ಮೈ ಬೆಚ್ಚಗಾದಂತೆ, ಭಯವೆಲ್ಲ ಕರಗಿದಂತೆ ಎಂಥದೋ ಹಿತ. ಕೃಷ್ಣಪ್ಪ ಹೇಳಿದ್ದು ಅವನಿಗೆ ನೆನಪಾಗಲೇ ಇಲ್ಲ. ಬದಲಿಗೆ, ಪಾಪ, ಒಬ್ಬರೇ ಕೂತಿದ್ದಾರಲ್ಲ, ನಾಲ್ಕು ಮಾತಾಡೋಣ ಅನ್ನಿಸಿತು. ಹೋಗಿ ಹೆಣದ ಮಗ್ಗುಲಲ್ಲೇ ಕೂತ.

"ಯಜಮಾಂದ್ರೇ, ನಿಮ್ಮದು ಮುಗೀತು. ನನ್ನ ಕಷ್ಟ ಕೇಳಿ. ಸಾಯಂಕಾಲ ಹೆಣ್ಣು ನೋಡಕ್ಕೆ ಹೋಗ್ಬೇಕು. ಮೇನೇಜರು ಅಂದವ್ರೆ. ನಾನು ಐಸಿಗೆ ಹೊಟ್ಟು ಮುಚ್ಚೋನು! ವಯಸ್ಸು ನಲವತ್ತರ ಹತ್ರ. ಬಂಗಲೇಲಿ ನಮ್ಮ ಮಾವ ಗಿಡಕ್ಕೆ ನೀರು ಹಾಕ್ತಾನೆ." ಕಿಲಕಿಲ ನಕ್ಕ. "ಮುಂದಿನ ಎರಡು ಹಲ್ಲು ಕಟ್ಟಿಸಿದ್ದು, ನೋಡ್ತೀರಾ?" ಹಲ್ಲು ತೆಗೆದು ಹೆಣದ ಮುಖಕ್ಕೆ ಹಿಡಿದ. "ಆ ಹುಡುಗಿ ಅಪ್ಪ ಮಾತ್ರ ಶುದ್ಧ ಗೂಗೆಯಂತೆ. ಎಲ್ಲಾ ನಂಬ್ಕೊಂಡು ಕೂತವ್ನೆ."

ಹೆಣದ ಗಂಟಲಲ್ಲಿ ಗೊರಗೊರ ಎಂದಿತು.

ಸಿದ್ದಮಲ್ಲಪ್ಪ ಕೂತಲ್ಲೇ ಪ್ರಜ್ಞೆ ತಪ್ಪಿ ಉರುಳಿದ.

ಕಣ್ಣು ಬಿಟ್ಟಾಗ ಹೊರಗೆ ಬಿಸಿಲಲ್ಲಿ, ಎರಡು ಗೋಣಿತಾಟಿನ ಮಧ್ಯೆ ಇದ್ದ. ಕೃಷ್ಣಪ್ಪ ಅಂಗಾಲು ಉಜ್ಜುತ್ತಿದ್ದ. "ಅಂಗಿ ನೇತಾಡ್ತಿರೋದು ಕಂಡು ಬಾಗಿಲು ತೆಗೆದೆ. ಇಲ್ದಿದ್ರೆ ನಿನ್ನೂ ಗಡ್ಡೆ ಲೆಕ್ಕದಲ್ಲಿ ಮಾರ್ಬುಡ್ತಿದ್ವಿ."

"ಹೆಣ... ಹೆಣ ಸದ್ದು ಮಾಡ್ತು ಕಣೋ."

"ಯಾವ ಹೆಣ? ಮಗ ಕಾರಲ್ಲಿ ಬಂದ್ಬುಟ್ಟ, ಐಸ್ ಬ್ಯಾಡ ಅಂತ ಆಗ್ಲೇ ಹೇಳಿ ಕಳಿಸಿದ್ರು."

ಸಿದ್ದಮಲ್ಲಪ್ಪ ತೆವಳಿಕೊಂಡು ಹೋಗಿ ಇಣುಕಿದ. ಬಾಗಿಲು ಹಾರುಹೊಡೆದಿತ್ತು. ಹೊಟ್ಟಿನ ಮೂಟೆಯ ಮೇಲೆ ಯಾರೂ ಇರಲಿಲ್ಲ. ಯಾರೋ ಕೂತ ತಗ್ಗು ಮಾತ್ರ ಇತ್ತು.

ಆದರೂ ಸಂಜೆ ಹೊರಟ. ದೆವ್ವಕ್ಕೆ ಹೆದರಿದರೆ ಕೂತು ಅಳಬಹುದು, ಶಿವನಂಜಮ್ಮನಿಗೆ ಹೆದರಿದರೆ ಹೋಗಲೇಬೇಕಲ್ಲ. ವಿದ್ಯಾರಣ್ಯಪುರಂನ ಆ ಮನೆಯ ನಡುಮನೆಯಲ್ಲಿ ಇನ್ನೂ ದೀಪ ಹಚ್ಚಿರಲಿಲ್ಲ. ಶಿವನಂಜಮ್ಮನ ಪಕ್ಕ ಜಮಖಾನದ ಮೇಲೆ ಕೂತು ತಲೆ ಎತ್ತಿದ.

ಎದುರಿನ ಮೂಲೆಯಲ್ಲಿ, ಮಂಕು ಬೆಳಕಲ್ಲಿ, ಅದೇ ಹಿರಿಯರು. ಮಡಿಸಿದ ಕಾಲು. ಮೈತುಂಬ ಶಾಲು. ಮೂರೆಳೆ ವಿಭೂತಿ. ಅದೇ ಅರೆಗಣ್ಣು.

"ಹೆಣ!" ಸಿದ್ದಮಲ್ಲಪ್ಪ ಕಿರುಚಿದ. "ನನ್ನ ಹಿಂದೇನೇ ಬಂದದೆ!"

"ಥೂ, ಬಾಯಿ ಮುಚ್ಚೋ!" ಶಿವನಂಜಮ್ಮ ಅವನ ತೋಳು ಚಿವುಟಿದರು. "ಹುಡುಗಿ ತಂದೆ ಗುರುಮಲ್ಲಪ್ಪನೋರು ಕಣೋ!"

ಹೆಣ ಸೀನಿತು. ಒಂದಲ್ಲ, ಮೂರು ಸಲ. ಮೂಗು ಒರೆಸಿಕೊಂಡು ಒಡಕು ದನಿಯಲ್ಲಿ ಮಾತಾಡಿತು.

"ಹೆದರಬೇಡಿ ಮೇನೇಜರೇ. ಹೆಣ್ಣು ಕೊಡೋ ಮೊದಲು ಗಂಡು ಕೆಲಸ ಮಾಡೋ ಕಡೆ ಗುಟ್ಟಾಗಿ ವಿಚಾರಿಸೋದು ನಮ್ಮ ಮನೆ ಪದ್ಧತಿ. ಬಂದೆ, ಒಂದು ನರಪಿಳ್ಳೆ ಇಲ್ಲ. ಬಾಗಿಲು ತೆರೆದಿತ್ತು, ತಂಪಾಗಿತ್ತು, ಯಾರಾದ್ರೂ ಬರ್ಲಿ ಅಂತ ಕೂತೆ. ನೀವು ಬಂದಾಗ ದವಡೆ ಕಚ್ಕೊಂಡಿತ್ತು, ಮಾತಾಡೋಕಾಗ್ಲಿಲ್ಲ."

ಹುಡುಗಿ ಸರ್ವಮಂಗಳಾ ಉಪ್ಪಿಟ್ಟಿನ ತಟ್ಟೆ ಹಿಡಿದು ಬಾಗಿಲವರೆಗೂ ಬಂದಿದ್ದಳು. ಗುರುಮಲ್ಲಪ್ಪನವರು ಕೈ ಅಡ್ಡ ಹಿಡಿದರು.

"ನಿಮ್ಮನ್ನ ಹೊರಗೆ ಹೊತ್ಕೊಂಡು ಹೋದ ಗಡಿಬಿಡೀಲಿ ನಾನೂ ಮೆಲ್ಲಗೆ ಎದ್ದು ಬಂದೆ. ಅದಕ್ಕೂ ಮೊದಲೇ ದವಡೆ ಬಿಟ್ಟಿತ್ತು. ಆದ್ರೆ ಅಷ್ಟೊತ್ತಿಗೆ ನೀವೇ ಮಾತು ಶುರು ಮಾಡಿದ್ರಲ್ಲ, ನಡುವೆ ಬಾಯಿ ಹಾಕೋದು ಯಾಕೆ ಅಂತ ಗೂಗೆ ಹಂಗೆ ಸುಮ್ಮನೆ ಕೂತೆ."

ತಟ್ಟೆ ಹಾಗೇ ಒಳಗೆ ಹೋಯಿತು.