ಕುಂಕುಮದ ಕಂಪ್ಯೂಟರ್

"ಹೊಸದು ಹಾಕಿದ್ರೆ ಹಳೇ ಸಾಫ್ಟ್‌ವೇರ್ ನಿಂತುಹೋಗೋ ಚಾನ್ಸೇ ಇಲ್ಲ ಸಾರ್" ಎಂದವನು ನವೀನ. ನಾನು ಕೆಲಸ ಮಾಡುವ ಹಲಸೂರಿನ ಹೊಲಿಗೆ ತರಬೇತಿ ಕೇಂದ್ರದ ಕಂಪ್ಯೂಟರುಗಳನ್ನು ನೋಡಿಕೊಳ್ಳಲು ಇಂದಿರಾನಗರದಿಂದ ಬರುವ ತರುಣ. ಚಾನ್ಸೇ ಇಲ್ಲ ಎಂದು ಯಾರಾದರೂ ಎದೆ ತಟ್ಟಿ ಹೇಳಿದರೆ ಅದು ಆಗಿಯೇ ತೀರುತ್ತದೆ ಎಂಬುದು ನನ್ನ ಅನುಭವ. ನಾನು ಡಿಗ್ರಿ ಮುಗಿಸುವ ಚಾನ್ಸೇ ಇಲ್ಲ ಎಂದು ಮರ್ಫಿ ಟೌನಿನ ನಮ್ಮ ಬೀದಿಯೇ ಹೇಳಿತ್ತು. ಹಗಲು ಗ್ಯಾಸ್ ಸಿಲಿಂಡರ್ ಹೊತ್ತು, ಸಂಜೆ ಕಾಲೇಜಿಗೆ ಹೋಗಿ, ವಂಶದಲ್ಲೇ ಮೊದಲ ಪದವೀಧರನಾದವನು ನಾನು. ಇದನ್ನು ಕೇಳದವರಿಗೂ ಹೇಳುತ್ತೇನೆ. ಈಗ ನಿಮಗೆ ಹೇಳಿದಂತೆ.

ಹೊಸದೆಂದರೆ ನವೀನನಿಗೆ ಪ್ರಾಣ. ಆಪರೇಟಿಂಗ್ ಸಿಸ್ಟಂನ ಹೊಸ ಆವೃತ್ತಿ ಬಂದದ್ದೇ ತಡ, ಆಫೀಸಿನ ಕಂಪ್ಯೂಟರುಗಳಿಗೆಲ್ಲ ಒಂದೇ ಸಂಜೆ ತುಂಬಿಬಿಟ್ಟ. ಮರುದಿನ ನಮ್ಮ ಸರ್ಟಿಫಿಕೇಟ್ ತಂತ್ರಾಂಶ ತೆರೆಯಲಿಲ್ಲ. ಇಂಥ ಹಳೆಯವಕ್ಕೆ ಇನ್ನು ಬೆಂಬಲವಿಲ್ಲ ಎಂದು ಪರದೆಯ ಮೇಲೊಂದು ಸಾಲು, ಅಷ್ಟೇ. ಬಾಡಿಗೆದಾರನಿಂದ ಮನೆ ಬಿಡಿಸುವಾಗ ಮಾಲೀಕನೂ ಇದಕ್ಕಿಂತ ಹೆಚ್ಚು ಮಾತಾಡುತ್ತಾನೆ. ಕಡತವನ್ನು ಬೇರೆ ಕಡೆ ತೆರೆದರೆ, ಹಳೆ ಕನ್ನಡ ಫಾಂಟಿನ ಹೆಸರುಗಳೆಲ್ಲ ಡಾಲರ್ ಗುರುತು, ಪ್ರಶ್ನಾರ್ಥಕಗಳ ರಾಶಿ.

"ವಾಪಸ್ ಹಳೇದನ್ನೇ ಹಾಕಪ್ಪಾ" ಎಂದೆ.

"ಹಿಂದಕ್ಕೆ ಹೋಗೋಕಾಗಲ್ಲ ಸಾರ್. ಹೊಸ ಸಾಫ್ಟ್‌ವೇರ್ ಬರೆಸೋಣ. ಮೂರೇ ತಿಂಗ್ಳು."

ಆ ಡಾಲರ್ ಗುರುತುಗಳಲ್ಲಿ ಒಂದು ಸಾಲು ನನ್ನ ಚಿಕ್ಕಮ್ಮ. ಐವತ್ತು ದಾಟಿದ ಮೇಲೆ ನಮ್ಮಲ್ಲೇ ಹೊಲಿಗೆ ಕಲಿತು, ಟಿನ್ ಫ್ಯಾಕ್ಟರಿ ಹತ್ತಿರದ ಗಾರ್ಮೆಂಟ್ಸ್‌ನಲ್ಲಿ ಹುಡುಗಿಯರಿಗೆ ಕಲಿಸುವ ಕೆಲಸ ಗಿಟ್ಟಿಸಿದ್ದಳು. ಸೋಮವಾರ ಸರ್ಟಿಫಿಕೇಟ್ ತೋರಿಸದಿದ್ದರೆ ಕೆಲಸ ಇನ್ನೊಬ್ಬರಿಗೆ. ಕೈಯಲ್ಲಿ ಬರೆದದ್ದು ನಡೆಯದೆಂದು ಗಾರ್ಮೆಂಟ್ಸ್‌ನವರು ಮೊದಲೇ ಹೇಳಿದ್ದರು. ಶನಿವಾರ ಬೆಳಿಗ್ಗೆಯೇ ಬಂದು ಬೆಂಚಿನ ಮೇಲೆ ಕೂತಳು. ಜಗಳ ಆಡಲಿಲ್ಲ. ನವೀನ ಸುಮ್ಮನೆ ಗುಂಡಿ ಒತ್ತುತ್ತಿರುವುದನ್ನೇ ನೋಡುತ್ತಿದ್ದಳು.

ನಮ್ಮ ಆಫೀಸಿನ ಮೂಲೆಯಲ್ಲಿ ಒಂದು ಮುದಿ ಕಂಪ್ಯೂಟರ್ ಇದೆ, ಪಕ್ಕದಲ್ಲಿ ಅದರದೇ ವಯಸ್ಸಿನ ಪ್ರಿಂಟರ್. ಕೇಂದ್ರಕ್ಕೆ ಬಂದ ಮೊದಲ ಯಂತ್ರ ಅದು. ಆಯುಧಪೂಜೆಗೆ ಮೊದಲ ಕುಂಕುಮ ಅದಕ್ಕೇ. ವರ್ಷದ ಉಳಿದ ದಿನ ಬಾಡಿದ ಹಾರ ಹೊತ್ತು ಕೂತಿರುತ್ತದೆ. ಗುಜರಿಗೆ ಹಾಕೋಣವೆಂದು ನಾನು ಪ್ರತಿ ವರ್ಷ ಪದವೀಧರನ ಗತ್ತಿನಲ್ಲಿ ಸಲಹೆ ಕೊಡುವುದು, "ಪೂಜೆ ಮಾಡಿರೋದನ್ನ ಗುಜರಿಗೆ ಹಾಕ್ತಾರೇನ್ರೀ?" ಎಂದು ಕೇಂದ್ರ ನಡೆಸುವ ನಮ್ಮ ಮೇಡಂ ಬಾಯಿ ಮುಚ್ಚಿಸುವುದು, ಇದೂ ಪೂಜೆಯ ಒಂದು ಭಾಗವೇ ಆಗಿಹೋಗಿತ್ತು.

"ಆ ದೇವ್ರನ್ನ ಒಂದ್ಸಲ ಎಬ್ಬಿಸಿ ನೋಡ್ರೀ" ಎಂದರು ಮೇಡಂ.

"ಅದು ವರ್ಕ್ ಆಗುತ್ತಾ? ಹೂವಿನ ಸ್ಟ್ಯಾಂಡ್ ಅಂದ್ಕೊಂಡಿದ್ದೆ" ಎಂದ ನವೀನ. ಹಾಗೆಂದುಕೊಂಡದ್ದರಿಂದಲೇ ಅದು ಅವನ ಕೈಯಿಂದ ಪಾರಾಗಿತ್ತು.

ಹಾರ ತೆಗೆದು ಗುಂಡಿ ಒತ್ತಿದೆ. ಮಹಡಿ ಹತ್ತುವ ಮುದುಕನಂತೆ ಏದುಸಿರು ಬಿಡುತ್ತ ಎದ್ದಿತು. ಪೆನ್‌ಡ್ರೈವ್‌ನಲ್ಲಿ ಕಡತ ಕೊಟ್ಟೆ. ಅದರಲ್ಲೇ ಉಳಿದಿದ್ದ ಹಳೆ ತಂತ್ರಾಂಶ ತೆರೆಯಿತು. ಡಾಲರ್ ಗುರುತುಗಳು ಮತ್ತೆ ಚಿಕ್ಕಮ್ಮನಾದವು. ಪ್ರಿಂಟರ್ ನರಳುತ್ತ ಸರ್ಟಿಫಿಕೇಟನ್ನು ಹೊರಗೆ ತಳ್ಳಿತು, ಅಂಚಿಗೆ ಚೂರು ಕುಂಕುಮ ಮೆತ್ತಿಕೊಂಡು. ನವೀನ ಫೋನ್ ಬಂದವನಂತೆ ಹೊರಗೆ ಹೋದ.

ಮೇಡಂ ಸಹಿ ಹಾಕಿ ಕೊಟ್ಟದ್ದನ್ನು, ಮನೆತನದ ಏಕೈಕ ಪದವೀಧರನಿಗೆ ತಕ್ಕ ಗಾಂಭೀರ್ಯದಿಂದ, ಎರಡೂ ಕೈಯಲ್ಲಿ ಹಿಡಿದು ಚಿಕ್ಕಮ್ಮನಿಗೆ ಕೊಟ್ಟೆ. ಅವಳು ತನ್ನ ಹೆಸರನ್ನು ಬೆರಳಿಟ್ಟು ಓದಿಕೊಂಡಳು. ಆಮೇಲೆ ಮೂಲೆಯ ಕಡೆ ನೋಡಿದಳು, ನನ್ನ ಕಡೆ ನೋಡಿದಳು.

"ಮುಂದಿನ ಪೂಜೇಲಿ ನೀನೂ ಒಂದ್ಚೂರು ಕುಂಕುಮ ಹಚ್ಚಿಸ್ಕೊಂಡ್ಬಿಡೋ" ಎಂದಳು. "ಆ ಹುಡುಗ ನಿನ್ನನ್ನೂ ತೆಗೆದುಹಾಕೋಕ್ ಮುಂಚೆ."